ವೆಬ್ ಪುಟದ ಸ್ಕ್ರೀನ್‌ಶಾಟ್: ಕೈಯಾರೆ ತೆಗೆಯಬೇಕೇ, ಆಪ್‌ಗೆ ಬಿಡಬೇಕೇ?

ಒಂದು ವೆಬ್ ಆಪ್‌ಗೆ ಬಳಕೆದಾರರ ಕೈಪಿಡಿ ಬರೆಯುವುದು ನನ್ನ ಕೆಲಸ. ಅದರಲ್ಲಿ ನಲವತ್ತಕ್ಕೂ ಜಾಸ್ತಿ ಸ್ಕ್ರೀನ್‌ಶಾಟ್‌ಗಳಿವೆ. ಮೆನುವಿನಲ್ಲಿ ಒಂದು ಬಟನ್ ಜಾಗ ಬದಲಿಸಿದರೂ ಸಾಕು, ಅರ್ಧ ಚಿತ್ರಗಳು ಹಳೆಯವಾಗುತ್ತವೆ. ಹಾಗಾಗಿ ಒಂದೇ ಪುಟ ಇಟ್ಟುಕೊಂಡು, ಇರುವ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಬೇಕೆಂದೇ ಕಷ್ಟದ ಪುಟ ಆರಿಸಿದೆ. ಸ್ಕ್ರೋಲ್ ಮಾಡಿದರೂ ಮೇಲೆಯೇ ಅಂಟಿಕೊಂಡಿರುವ ಮೆನು, ಹತ್ತಿರ ಹೋದಾಗಷ್ಟೇ ಲೋಡ್ ಆಗುವ ಚಿತ್ರಗಳು, ನಡುವೆ ಒಂದು ಗ್ರಾಫ್, ಉದ್ದಕ್ಕೂ ಕನ್ನಡ ಬರಹ.

ಕೀಬೋರ್ಡ್‌ನಿಂದ ಶುರು ಮಾಡಿದೆ. ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಶಿಫ್ಟ್, ಎಸ್. ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್, 4. ಬೇಕಾದ ಜಾಗವನ್ನು ಎಳೆದು ಗುರುತಿಸಿದರೆ ಮುಗಿಯಿತು. ‘ನೋಡಿ, ಇಲ್ಲಿ ಹೀಗೆ ತಪ್ಪು ಬರ್ತಿದೆ’ ಎಂದು ಯಾರಿಗಾದರೂ ಕಳಿಸಲು ಇದಕ್ಕಿಂತ ಬೇಗದ ದಾರಿ ಇಲ್ಲ. ಆದರೆ ಪರದೆಯ ಮೇಲೆ ಕಾಣುವಷ್ಟೇ ಸಿಗುತ್ತದೆ. ಪ್ರತಿ ಸಲವೂ ಅಳತೆ ಬೇರೆಯಾಗುತ್ತದೆ. ಅಂಥ ಹತ್ತು ಚಿತ್ರಗಳನ್ನು ಕೈಪಿಡಿಯಲ್ಲಿ ಸಾಲಾಗಿ ಇಟ್ಟರೆ ಕಣ್ಣಿಗೆ ಚುಚ್ಚುತ್ತದೆ.

ಪೂರ್ತಿ ಪುಟ ಬೇಕು ಎಂದು ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಷನ್ (ಮೇಲಿಂದ ಸೇರಿಸಿಕೊಳ್ಳುವ ಸಣ್ಣ ಆಪ್) ಹಾಕಿದೆ. ಅದು ಪುಟವನ್ನು ಸ್ವಲ್ಪ ಸ್ವಲ್ಪವೇ ಸ್ಕ್ರೋಲ್ ಮಾಡಿ, ತುಂಡು ತುಂಡಾಗಿ ತೆಗೆದು, ಕೊನೆಗೆ ಹೊಲಿಯುತ್ತದೆ. ಬಂದ ಚಿತ್ರದಲ್ಲಿ ಅಂಟು ಮೆನು ಏಳು ಸಲ ಇತ್ತು. ಒಂದೊಂದು ತುಂಡಿನ ತಲೆಯ ಮೇಲೂ ಒಂದೊಂದು. ಅದಕ್ಕಿಂತ ನನ್ನನ್ನು ತಡೆದದ್ದು ಅದು ಕೇಳಿದ ಅನುಮತಿ: ನಾನು ತೆರೆಯುವ ಎಲ್ಲ ತಾಣಗಳ ಮಾಹಿತಿಯನ್ನೂ ಓದುವ ಹಕ್ಕು. ಲಾಗಿನ್ ಆದ ಪುಟಗಳಲ್ಲಿ ಬೇರೆಯವರ ಹೆಸರು, ವಿಳಾಸ ಇರುತ್ತವೆ, ಅಲ್ವಾ? ಅದನ್ನು ತೆಗೆದುಹಾಕಿದೆ.

ನಿಜ ಹೇಳಬೇಕೆಂದರೆ ಎಕ್ಸ್‌ಟೆನ್ಷನ್ ಬೇಕಾಗಿಯೇ ಇರಲಿಲ್ಲ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿದರೆ ಪೂರ್ತಿ ಪುಟವೋ ಕಾಣುವಷ್ಟೋ ಎಂದು ಕೇಳುತ್ತದೆ. ಮೌಸ್ ಓಡಾಡಿಸಿದರೆ ಪುಟದ ಒಂದೊಂದು ಭಾಗವನ್ನೂ ತಾನೇ ಗುರುತಿಸಿ ಚೌಕಟ್ಟು ಹಾಕುತ್ತದೆ. ಕ್ರೋಮ್‌ನಲ್ಲೂ ಈ ಸೌಲಭ್ಯ ಇದೆ, ಆದರೆ ಡೆವಲಪರ್ ಟೂಲ್ಸ್ ಒಳಗೆ ಅಡಗಿದೆ. ಕಂಟ್ರೋಲ್, ಶಿಫ್ಟ್, ಐ ಒತ್ತಿ, ಆಮೇಲೆ ಕಂಟ್ರೋಲ್, ಶಿಫ್ಟ್, ಪಿ ಒತ್ತಿ, ‘ಸ್ಕ್ರೀನ್‌ಶಾಟ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು. ಪರದೆಯ ಅಗಲವನ್ನು ಅಂಕಿಯಲ್ಲೇ ಕೊಡಬಹುದು ಎನ್ನುವುದು ಇದರ ದೊಡ್ಡ ಅನುಕೂಲ. ಒಂದೆರಡು ಚಿತ್ರ ಬೇಕಾದವರಿಗೆ ಫೈರ್‌ಫಾಕ್ಸ್ ಸಾಕು. ಅಳತೆ ಕರಾರುವಾಕ್ಕಾಗಿ ಬೇಕಿದ್ದರೆ ಕ್ರೋಮ್.

ಇನ್ನು ಆಪ್ ತಾನೇ ತೆಗೆಯುವ ದಾರಿಗಳು. ಎಚ್‌ಟಿಎಂಎಲ್2ಕ್ಯಾನ್ವಾಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಕೆದಾರರ ಬ್ರೌಸರ್‌ನಲ್ಲೇ ಓಡುತ್ತದೆ, ಸರ್ವರ್ ಬೇಡ. ಒಂದು ವಿಷಯ ಮಾತ್ರ ಗೊತ್ತಿರಬೇಕು: ಇದು ಫೋಟೋ ತೆಗೆಯುವುದಿಲ್ಲ. ಪುಟದ ರಚನೆಯನ್ನು, ಅದರ ಬಣ್ಣ, ಅಳತೆ, ಜೋಡಣೆ ಹೇಳುವ ಸಿಎಸ್ಎಸ್ ಅನ್ನು ಓದಿಕೊಂಡು ಮತ್ತೆ ಮೊದಲಿಂದ ಬಿಡಿಸುತ್ತದೆ. ಫಿಲ್ಟರ್‌ನಂಥ ಕೆಲವು ಸಿಎಸ್ಎಸ್ ಗುಣಗಳು ಅದಕ್ಕೆ ಬರುವುದಿಲ್ಲ. ಬೇರೆ ತಾಣದಿಂದ ಬಂದ ಚಿತ್ರಗಳಿಗೆ ಆ ತಾಣದ ಒಪ್ಪಿಗೆ ಇಲ್ಲದಿದ್ದರೆ ಅವು ಸಿಗುವುದಿಲ್ಲ. ಬ್ರೌಸರ್‌ನ ‘ಪರದೆ ಹಂಚಿಕೊಳ್ಳಿ’ ಸೌಲಭ್ಯದಿಂದ ನಿಜವಾದ ಚಿತ್ರವೇ ಬರುತ್ತದೆ, ಆದರೆ ಪ್ರತಿ ಸಲ ಅನುಮತಿ ಕೇಳುತ್ತದೆ. ನಲವತ್ತು ಚಿತ್ರಕ್ಕೆ ಅದು ಆಗದ ಮಾತು.

ಉಳಿದದ್ದು ಸರ್ವರ್‌ನಲ್ಲಿ ಪರದೆಯಿಲ್ಲದೆ ಓಡುವ ಬ್ರೌಸರ್. ಕ್ರೋಮ್‌ಗೆ ಈ ಶಕ್ತಿ 2017ರಲ್ಲಿ ಬಂತು. ಅದೇ ವರ್ಷ ಗೂಗಲ್‌ನ ಪಪೆಟಿಯರ್ ಬಂತು, 2020ರಲ್ಲಿ ಮೈಕ್ರೋಸಾಫ್ಟ್‌ನ ಪ್ಲೇರೈಟ್. ಎರಡೂ ಅಂಥ ಬ್ರೌಸರನ್ನು ಸ್ಕ್ರಿಪ್ಟ್ ಬರೆದು ನಡೆಸುವ ಲೈಬ್ರರಿಗಳು. ನನ್ನ ಹೆಚ್ಚಿನ ಸಮಯ ಹೋದದ್ದು ಇಲ್ಲೇ.

ಮೊದಲ ಚಿತ್ರ ತೆರೆದಾಗ ಎದೆ ಧಸಕ್ಕೆಂದಿತು. ಅಂಕಿಗಳು ಸರಿ ಇದ್ದವು, ಇಂಗ್ಲಿಷ್ ಸರಿ ಇತ್ತು, ಕನ್ನಡವೆಲ್ಲ ಸಾಲು ಸಾಲು ಖಾಲಿ ಚೌಕಗಳು. ಸರ್ವರ್‌ನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿದ ಮೇಲೆ ಅಕ್ಷರಗಳು ಬಂದವು. ಎರಡನೇ ಸಲ ಕೆಳಗಿನ ಚಿತ್ರಗಳ ಜಾಗದಲ್ಲಿ ಬೂದು ಪೆಟ್ಟಿಗೆಗಳು. ಯಾರೂ ಸ್ಕ್ರೋಲ್ ಮಾಡದೆ ಅವು ಲೋಡ್ ಆಗುವುದಾದರೂ ಹೇಗೆ? ತೆಗೆಯುವ ಮುಂಚೆ ಪುಟದ ಬುಡದವರೆಗೆ ಸ್ಕ್ರೋಲ್ ಮಾಡಿ ಮೇಲೆ ಬರುವಂತೆ ನಾಲ್ಕು ಸಾಲು ಬರೆದೆ. ಮೂರನೇ ಸಲ ಗ್ರಾಫ್‌ನ ಕಂಬಗಳು ಅರ್ಧಕ್ಕೆ ಏರಿ ನಿಂತಿದ್ದವು.

ನಾವು ಕೈಯಾರೆ ತೆಗೆಯುವಾಗ ಪುಟ ಸಿದ್ಧವಾಯಿತೇ ಎಂದು ಕಣ್ಣು ನೋಡಿಕೊಳ್ಳುತ್ತದೆ, ನಮಗೇ ಗೊತ್ತಾಗದ ಹಾಗೆ. ಯಂತ್ರಕ್ಕೆ ಅದನ್ನು ಬಿಡಿಸಿ ಹೇಳಬೇಕು. ನೆಟ್‌ವರ್ಕ್ 500 ಮಿಲಿಸೆಕೆಂಡ್ ಸುಮ್ಮನಿದ್ದರೆ ಪುಟ ಸಿದ್ಧ ಎಂದುಕೊಳ್ಳುವ ಆಯ್ಕೆ ಪಪೆಟಿಯರ್, ಪ್ಲೇರೈಟ್ ಎರಡರಲ್ಲೂ ಇದೆ. ಆದರೆ ಗ್ರಾಫ್‌ನ ಮಾಹಿತಿ ಬಂದಾಗಿತ್ತು, ನೆಟ್‌ವರ್ಕ್ ಸುಮ್ಮನಿತ್ತು, ಕಂಬಗಳು ಇನ್ನೂ ಏರುತ್ತಿದ್ದವು. ಸುಮ್ನೆ ಐದು ಸೆಕೆಂಡ್ ಕಾಯಿಸಿ ನೋಡಿದೆ. ಒಮ್ಮೆ ಸಾಕಾಯಿತು, ಇನ್ನೊಮ್ಮೆ ಸಾಲಲಿಲ್ಲ. ಕೊನೆಗೆ ಗ್ರಾಫ್ ಮುಗಿದ ಕೂಡಲೇ ಪುಟದಲ್ಲಿ ಒಂದು ಗುರುತು ಬೀಳುವಂತೆ ಆಪ್‌ನವರ ಹತ್ತಿರ ಮಾಡಿಸಿಕೊಂಡೆ. ಆ ಗುರುತು ಬರುವವರೆಗೆ ಕಾಯಿ ಎಂದು ಸ್ಕ್ರಿಪ್ಟ್‌ಗೆ ಹೇಳಿದೆ. ಅಂದಿನಿಂದ ಒಂದು ಚಿತ್ರವೂ ಅರ್ಧ ಬಂದಿಲ್ಲ.

ಪಪೆಟಿಯರ್ ಒಳ್ಳೆಯದೇ, ಆದರೂ ನಾನು ಪ್ಲೇರೈಟ್ ಆರಿಸಿದೆ. ಅದು ಕ್ರೋಮಿಯಂ (ಕ್ರೋಮ್‌ನ ಮೂಲ), ಫೈರ್‌ಫಾಕ್ಸ್, ವೆಬ್‌ಕಿಟ್ (ಸಫಾರಿಯ ಎಂಜಿನ್) ಮೂರರಲ್ಲೂ ಓಡುತ್ತದೆ. ಒಮ್ಮೆ ಲಾಗಿನ್ ಆದ ಸ್ಥಿತಿಯನ್ನು ಉಳಿಸಿಟ್ಟು ಮತ್ತೆ ಬಳಸಬಹುದು. ಚಿತ್ರ ತೆಗೆಯುವಾಗ ಅನಿಮೇಷನ್ ನಿಲ್ಲಿಸುವ ಆಯ್ಕೆ ಇದೆ. ನನಗೆ ತುಂಬ ಹಿಡಿಸಿದ್ದು ಮಾಸ್ಕ್: ಹೆಸರು, ಫೋನ್ ನಂಬರ್ ಇರುವ ಜಾಗ ತೋರಿಸಿಕೊಟ್ಟರೆ ಅದರ ಮೇಲೆ ಬಣ್ಣದ ಪಟ್ಟಿ ಹಾಕಿಯೇ ಚಿತ್ರ ಕೊಡುತ್ತದೆ. ಮೊದಲು ಇದನ್ನೆಲ್ಲ ಒಂದೊಂದಾಗಿ ಕೈಯಲ್ಲೇ ಮಸುಕು ಮಾಡುತ್ತಿದ್ದೆ.

ತೀರಾ ಉದ್ದದ ಪುಟ ಇರುವವರು ಒಂದು ಮಾತು ನೆನಪಿಡಿ. ಕ್ರೋಮ್‌ನಲ್ಲಿ ಎತ್ತರ 16384 ಪಿಕ್ಸೆಲ್ ದಾಟಿದರೆ ಮುಂದಿನ ಭಾಗ ಖಾಲಿ ಬರಬಹುದು, ಇಲ್ಲವೇ ಮೇಲಿನದೇ ಮತ್ತೆ ಬರಬಹುದು. ಚಿತ್ರ ಚೊಕ್ಕವಾಗಿರಲಿ ಎಂದು ಸ್ಕೇಲ್ 2 ಇಟ್ಟರೆ, ಅಂದರೆ ಉದ್ದಗಲ ಎರಡರಷ್ಟು ಪಿಕ್ಸೆಲ್‌ನಲ್ಲಿ ತೆಗೆದರೆ, ಪುಟದ ಲೆಕ್ಕದಲ್ಲಿ ಆ ಮಿತಿ 8192ಕ್ಕೇ ಬಂದುಬಿಡುತ್ತದೆ. ಭಾಗ ಭಾಗವಾಗಿ ತೆಗೆಯುವುದೇ ಮೇಲು.

ಬಳಕೆದಾರರು ಕೊಟ್ಟ ಯಾವುದೇ ವಿಳಾಸದ ಚಿತ್ರ ತೆಗೆದುಕೊಡುವ ಆಪ್ ಮಾಡುವುದಾದರೆ ಇನ್ನೂ ಎಚ್ಚರ ಬೇಕು. ಆ ಬ್ರೌಸರ್ ಓಡುವುದು ನಿಮ್ಮ ಸರ್ವರ್‌ನ ಒಳಗೆ. ಯಾರಾದರೂ ಹೊರಗಿನ ತಾಣದ ಬದಲು ಲೋಕಲ್‌ಹೋಸ್ಟ್ (ಆ ಸರ್ವರ್‌ನದೇ ವಿಳಾಸ) ಅಥವಾ 169.254.169.254 (ಕ್ಲೌಡ್ ಸರ್ವರ್ ತನ್ನದೇ ಮಾಹಿತಿ ಪಡೆಯುವ ಒಳಗಿನ ವಿಳಾಸ) ಎಂದು ಕೊಟ್ಟರೆ, ಹೊರಗಿನವರಿಗೆ ಕಾಣಬಾರದ ಮಾಹಿತಿಯ ಚಿತ್ರ ಅವರ ಕೈ ಸೇರಬಹುದು. ಒಳಗಿನ ವಿಳಾಸಗಳನ್ನು, ಫೈಲ್ ವಿಳಾಸಗಳನ್ನು ಮೊದಲೇ ತಡೆಯಿರಿ. ಪುಟ ಬೇರೆ ಕಡೆಗೆ ದಾಟಿಸಿದಾಗಲೂ ಮತ್ತೆ ಪರೀಕ್ಷಿಸಿ.

ಈಗ ಕೈಪಿಡಿಯ ಚಿತ್ರಗಳೆಲ್ಲ 1280 ಪಿಕ್ಸೆಲ್ ಅಗಲದಲ್ಲಿ ಪ್ಲೇರೈಟ್‌ನಿಂದ ಬರುತ್ತವೆ. ಹೊಸದನ್ನು ಹಳೆಯದರ ಪಕ್ಕ ಇಟ್ಟು ನಾನೇ ಕಣ್ಣಾಡಿಸುತ್ತೇನೆ. ಯಾರಾದರೂ ‘ಆ ಪುಟ ಹೇಗಿದೆ ತೋರಿಸಿ’ ಎಂದರೆ ಫೈರ್‌ಫಾಕ್ಸ್ ತೆರೆಯುತ್ತೇನೆ. ಎಚ್‌ಟಿಎಂಎಲ್2ಕ್ಯಾನ್ವಾಸ್‌ಗೂ ಒಂದು ಕೆಲಸ ಉಳಿದಿದೆ: ಆಪ್‌ನಲ್ಲಿ ಗ್ರಾಫ್ ಪಕ್ಕದ ‘ಚಿತ್ರವಾಗಿ ಉಳಿಸಿ’ ಬಟನ್.