ಕೂಲಿಂಗ್ ಸೆಂಟ್ರಿಫ್ಯೂಜ್, ಮೂರು ವರ್ಷ: ಮುಚ್ಚಳದ ಜೊತೆ ಜಗಳ

ಕೋಲಾರದ ನಮ್ಮ ಲ್ಯಾಬಿನಲ್ಲಿ ಟಿಬಿ ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕಫ ರೆಡಿ ಮಾಡುವುದು ನನ್ನ ಕೆಲಸ. ಟ್ಯೂಬ್‌ಗಳನ್ನು ತಣ್ಣಗಿಟ್ಟು ಜೋರಾಗಿ ತಿರುಗಿಸಿ ಕ್ರಿಮಿಯನ್ನು ತಳಕ್ಕೆ ಇಳಿಸುವ ಈ ಸೆಂಟ್ರಿಫ್ಯೂಜ್ ಬಂದು ಮೂರು ವರ್ಷ ಆಯಿತು. ಕಂಪನಿ ಹೆಸರು ಹೇಳುವುದಿಲ್ಲ, ಸುಮ್ನೆ ಜಗಳ ಯಾಕೆ. ಎಷ್ಟು ಟ್ಯೂಬ್, ಎಷ್ಟು ವೇಗ ಎಲ್ಲ ಬ್ರೋಷರ್‌ನಲ್ಲಿದೆ, ನೋಡಿರುತ್ತೀರಿ. ನನ್ನ ತಕರಾರು ಅದರ ಮುಚ್ಚಳದ ಮೇಲೆ.

ಕರೆಂಟ್ ಹೋದರೆ ಅದು ತೆರೆಯುವುದಿಲ್ಲ. ಅಷ್ಟೇ ಅಲ್ವಾ ಅನ್ನಬೇಡಿ.

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಎಂಟು ಟ್ಯೂಬ್ ಒಳಗಿದ್ದವು. ಕಫಕ್ಕೆ ಅಷ್ಟೇ ಪ್ರಮಾಣದ ಎನ್‌ಎಎಲ್‌ಸಿ (ಕಫದ ಅಂಟು ಸಡಿಲಿಸುವ ರಾಸಾಯನಿಕ) ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆತ ದ್ರಾವಣ ಸೇರಿಸಿ, ವೋರ್ಟೆಕ್ಸ್ ಮಷೀನಿನಲ್ಲಿ ಅಲುಗಿಸಿ ಬೆರೆಸಿ, 15 ನಿಮಿಷ ಬಿಟ್ಟು, 6.8 ಪಿಎಚ್‌ನ ಫಾಸ್ಫೇಟ್ ಬಫರ್ ತುಂಬಿಸಿ ಇಟ್ಟಿದ್ದೆ. ಆ ಕ್ಷಾರಕ್ಕೆ ಬೇರೆ ಕ್ರಿಮಿ ಬೇಗ ಸಾಯುತ್ತವೆ, ಟಿಬಿ ಕ್ರಿಮಿ ತಡೆದುಕೊಳ್ಳುತ್ತದೆ, ಆದರೆ ಹೊತ್ತು ಮೀರಿದರೆ ಅದೂ ಸಾಯುತ್ತದೆ. ಬಫರ್ ಹಾಕಿದರೆ ಕ್ಷಾರ ತೆಳುವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆರು ನಿಮಿಷ ತಿರುಗಿತ್ತು, ಕರೆಂಟ್ ಹೋಯಿತು. ಜನರೇಟರ್‌ನಲ್ಲಿ ಡೀಸೆಲ್ ಇರಲಿಲ್ಲ. ಯುಪಿಎಸ್ ಇರುವುದು ಕ್ರಿಮಿ ಹೊರಗೆ ಬಾರದಂತೆ ಗಾಳಿ ಸೋಸುವ ಸುರಕ್ಷತಾ ಕ್ಯಾಬಿನೆಟ್‌ಗೆ ಮಾತ್ರ. ರೋಟರ್ ನಿಧಾನವಾಗಿ ನಿಂತಿತು, ಮುಚ್ಚಳ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ತುರ್ತಿಗೆ ಅಂತ ಎಡಗಡೆ ಕೆಳಗೆ ಪ್ಲಾಸ್ಟಿಕ್ ಬಿರಡೆಯ ಹಿಂದೆ ಒಂದು ತೂತು ಇದೆಯಂತೆ, ಅದರೊಳಗೆ ಪಿನ್ ಹಾಕಿ ಒತ್ತಬೇಕಂತೆ. ಪಿನ್ ಬಂದ ದಿನವೇ ಥರ್ಮಾಕೋಲ್ ಜೊತೆ ಕಸಕ್ಕೆ ಹೋಗಿತ್ತು. ಕೊನೆಗೆ ರಿಸೆಪ್ಷನ್ ಹುಡುಗಿಯ ಹೇರ್‌ಪಿನ್ ನೆಟ್ಟಗೆ ಮಾಡಿ ತೆಗೆದೆ. ನಲವತ್ತು ನಿಮಿಷ! ಮೇಡಂ ನೋಡಿ, ನಂಬಿಕೊಳ್ಳೋದು ಬೇಡ, ಎಲ್ಲರ ಹತ್ತಿರ ಮತ್ತೆ ಕಫ ತರಿಸಿ ಎಂದರು. ಮುಳಬಾಗಿಲಿನಿಂದ ಒಬ್ಬ ಅಜ್ಜಿ ಬಸ್ ಹತ್ತಿ ಬಂದರು. "ಮೊದಲನೇದು ಚೆನ್ನಾಗಿರಲಿಲ್ವೇನಪ್ಪ?" ಅಂದರು. ಏನು ಹೇಳುವುದು.

ಆ ವಾರವೇ ಒಂದು ಸ್ಟಾರ್ ಕೊಟ್ಟು ಬರೆಯಬೇಕು ಅಂತಿದ್ದೆ. ಬರೆಯಲಿಲ್ಲ, ಯಾಕೆಂದರೆ ಬಕೆಟ್‌ಗಳು, ಅಂದರೆ ರೋಟರ್‌ನಲ್ಲಿ ಟ್ಯೂಬ್ ಇಡುವ ಮುಚ್ಚಳದ ಡಬ್ಬಿಗಳು.

ಬೆಳಿಗ್ಗೆ ಬಂದ ತಕ್ಷಣ ನಾಲ್ಕೂ ಬಕೆಟ್ ಮುಚ್ಚಳದ ರಬ್ಬರ್ ರಿಂಗ್ ಬೆರಳಲ್ಲಿ ಸವರಿ ನೋಡುತ್ತೇನೆ, ಬಿರುಕು ಇಲ್ಲ ಅಂದರೆ ಚೂರು ಗ್ರೀಸ್. ಎದುರುಬದುರು ಬಕೆಟ್‌ಗಳನ್ನು ತಕ್ಕಡಿಯಲ್ಲಿ ತೂಗಿ ಸಮ ಮಾಡುತ್ತೇನೆ. ತಿರುಗಿ ನಿಂತ ಮೇಲೆ ಹತ್ತು ನಿಮಿಷ ಮುಟ್ಟುವುದಿಲ್ಲ, ಗಾಳಿಯಲ್ಲಿ ತೇಲುವ ಹನಿ ಕೂರಬೇಕು. ಆಮೇಲೆ ಬಕೆಟ್ ಪೂರ್ತಿಯಾಗಿ ಕ್ಯಾಬಿನೆಟ್ ಒಳಗೆ ಒಯ್ದು ಅಲ್ಲೇ ಮುಚ್ಚಳ ತೆಗೆಯುವುದು. ಒಂದು ದಿನ ಪಾರದರ್ಶಕ ಮುಚ್ಚಳದೊಳಗೆ ಮಸುಕು ನೀರು ಕಂಡಿತು. ಟ್ಯೂಬ್ ಒಡೆದಿತ್ತು. ಹೊರಗೆ ಒಂದು ಹನಿಯೂ ಬಂದಿರಲಿಲ್ಲ. ಹಳೆಯ ಮಷೀನಿನಲ್ಲಿ ಇದೇ ಆಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡು ಆ ರಾತ್ರಿ ಊಟ ಸೇರಲಿಲ್ಲ.

ಇನ್ನೊಂದು ಖುಷಿ: ಇದರಲ್ಲಿ ನೇರವಾಗಿ 3000 ಜಿ, ಅಂದರೆ ಗುರುತ್ವದ 3000 ಪಟ್ಟು ಬಲ, ಅಂತ ಒತ್ತಬಹುದು. ಹಳೆಯದರಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮಾತ್ರ, ನಾವು 3000 ಅಂತ ಇಟ್ಟು ನೆಮ್ಮದಿಯಾಗಿದ್ದೆವು. ಹದಿನಾರು ಸೆಂಟಿಮೀಟರ್ ತ್ರಿಜ್ಯದ ರೋಟರ್‌ಗೆ ಲೆಕ್ಕ ಹಾಕಿದರೆ ಅದು 1600 ಜಿ ಅಷ್ಟೇ! ಟಿಬಿ ಕ್ರಿಮಿಗೆ ಮೇಣದಂಥ ಹೊದಿಕೆ, ಹಗುರ, ಕಡಿಮೆ ವೇಗಕ್ಕೆ ತಳಕ್ಕೆ ಇಳಿಯುವುದಿಲ್ಲ. ಎಷ್ಟು ಕ್ರಿಮಿಯನ್ನು ಮೇಲಿನ ನೀರಿನ ಜೊತೆ ಫಿನಾಲ್ ಡಬ್ಬಕ್ಕೆ ಸುರಿದಿದ್ದೇವೋ. ಮೇಲೆ ಬೇರೆ, ಕಲ್ಚರ್‌ನಲ್ಲಿ ಬೆಳೆಯುತ್ತದಾ ಅಂತ 42 ದಿನ ಕಾದು ನೆಗೆಟಿವ್ ಅಂತ ಬರೆದುಕೊಟ್ಟಿದ್ದೇವೆ.

ರಬ್ಬರ್ ರಿಂಗ್ ಬೆಲೆ ಜಾಸ್ತಿ, ನಮ್ಮಂಥ ಸಣ್ಣ ಲ್ಯಾಬಿಗೆ ಭಾರವೇ. ಸರ್ವಿಸ್‌ನವರು ಬೆಂಗಳೂರಿನಿಂದ ಬರುತ್ತಾರೆ, "ನಾಳೆ" ಎಂದರೆ ಗುರುವಾರ. ಆದರೂ ಕೊಳ್ಳುವುದಾದರೆ ಕೊಳ್ಳಿ, ಬಿಲ್ ಕೊಡುವ ಮೊದಲು ಪಿನ್ ಕೇಳಿ ಇಸಿದುಕೊಳ್ಳಿ. ನಮ್ಮದು ಈಗ ಕ್ಯಾಲೆಂಡರ್ ಮೊಳೆಗೆ ಕೆಂಪು ದಾರದಲ್ಲಿ ನೇತಾಡುತ್ತಿದೆ, ಅದೇ ಹೇರ್‌ಪಿನ್.