ಸನ್ಯಾಸಿ ಏಡಿಗೆ ಪಟ್ಟಿಯಿಲ್ಲದ ಗುಳಿಗೆ ಹಾಕಬೇಡಿ

ಮನೆಯಲ್ಲಿ ಸನ್ಯಾಸಿ ಏಡಿ (ಖಾಲಿ ಶಂಖದೊಳಗೆ ಬದುಕುವ ಹರ್ಮಿಟ್ ಕ್ರ್ಯಾಬ್) ಸಾಕಿರುವವರು ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಗುಳಿಗೆ ಆಹಾರವನ್ನು ದಯವಿಟ್ಟು ಕೊಳ್ಳಬೇಡಿ. ಕಾರವಾರದ ನಮ್ಮ ಮನೆಯಲ್ಲಿದ್ದ ಎರಡು ಏಡಿಗಳಲ್ಲಿ ದೊಡ್ಡದು ಈ ಮಳೆಗಾಲದಲ್ಲಿ ಸತ್ತಿತು. ಊರು ಬಿಟ್ಟು ಹೋಗುವಾಗ ಪರಿಚಯದವರೊಬ್ಬರು ನಂಬಿ ಒಪ್ಪಿಸಿದ್ದ ಜೀವ ಅದು.

ಪೇಟೆಯ ಅಂಗಡಿಯವರು ಕೊಟ್ಟ ಚೀಲದ ಮೇಲೆ ಪದಾರ್ಥಗಳ ಪಟ್ಟಿಯೂ ಇರಲಿಲ್ಲ, ತಯಾರಾದ ದಿನಾಂಕವೂ ಇರಲಿಲ್ಲ. ಕೇಳಿದ್ದಕ್ಕೆ, ಆಮೆಗೂ ಇದೇ, ಏಡಿಗೂ ಇದೇ, ಎಲ್ಲರೂ ಒಯ್ಯುತ್ತಾರೆ ಎಂದರು. ಹಾಕಿದ ಮರುದಿನವೇ ಗುಳಿಗೆಯ ಮೇಲೆ ಬಿಳಿ ಬೂಸ್ಟು. ಏಡಿಯ ತೊಟ್ಟಿಯಲ್ಲಿ ತೇವಾಂಶ ಶೇ. 75–80ರಷ್ಟು ಇರಲೇಬೇಕು, ನೆಲದ ಮೇಲಿದ್ದರೂ ಅದು ಉಸಿರಾಡುವುದು ಕಿವಿರಿನಿಂದ, ಕಿವಿರು ಒಣಗಿದರೆ ಸಾಯುತ್ತದೆ. ಅದರ ಜೊತೆಗೆ ಕರಾವಳಿಯ ಆಷಾಢ. ಹಿಟ್ಟು ಒತ್ತಿ ಮಾಡಿದ ಗುಳಿಗೆ ಅಲ್ಲಿ ಕೆಡದೆ ಉಳಿಯುವುದೆಂತು? ಬೂಸ್ಟಿನ ಬೆನ್ನಿಗೇ ನುಸಿ ಬಂತು. ಏಡಿಗಳು ತಟ್ಟೆಯತ್ತ ಸುಳಿಯುವುದನ್ನೇ ಬಿಟ್ಟವು. ದೊಡ್ಡದು ಪೊರೆ ಕಳಚಲು ಮರಳಿನೊಳಗೆ ಇಳಿಯಿತು. ಮೇಲೆ ಬಂದದ್ದು ಕೊಳೆತ ಮೀನಿನ ವಾಸನೆ ಮಾತ್ರ.

ಸಾವು ಆಹಾರದಿಂದಲೇ ಆಯಿತೆಂದು ಸಾಬೀತು ಮಾಡಲಾರೆ. ಆ ಚೀಲದಲ್ಲಿ ಏನಿತ್ತೆಂದು ತಿಳಿಯುವ ದಾರಿಯೇ ಇಲ್ಲವಲ್ಲ, ನನ್ನ ಸಿಟ್ಟು ಅದಕ್ಕೇ. ಪ್ಯಾಕೆಟ್ ಆಹಾರದಲ್ಲಿ ಎರಡು ಹೆಸರುಗಳಿವೆಯೇ ನೋಡಿ, ಇದ್ದರೆ ಬೇಡ: ಎಥಾಕ್ಸಿಕ್ವಿನ್, ಕಾಪರ್ ಸಲ್ಫೇಟ್. ಮೊದಲನೆಯದು ಮೀನಿನ ಪುಡಿ ಕೆಡದಂತೆ ಬೆರೆಸುವ ಸಂರಕ್ಷಕ. ಪಶು ಆಹಾರದಲ್ಲಿ ಅದರ ಬಳಕೆಗೆ ಇದ್ದ ಅನುಮತಿಯನ್ನು ಐರೋಪ್ಯ ಒಕ್ಕೂಟ 2017ರಲ್ಲಿ ಅಮಾನತಿನಲ್ಲಿಟ್ಟಿತು. ಎರಡನೆಯದು ತಾಮ್ರದ ಲವಣ. ಏಡಿಯ ರಕ್ತದಲ್ಲಿ ಆಮ್ಲಜನಕ ಸಾಗಿಸುವುದೇ ತಾಮ್ರವಾದ್ದರಿಂದ ತಾಮ್ರ ಸ್ವಲ್ಪ ಬೇಕು, ಆದರೆ ಮಿತಿ ಮೀರಿದರೆ ವಿಷ. ಮೀನಿಗೆ ಹಾಕುವ ತಾಮ್ರದ ಔಷಧವನ್ನು ಸಿಗಡಿ ಇರುವ ಅಕ್ವೇರಿಯಂಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ. ಬರೀ ಒಣ ಸಿಗಡಿ, ಕಡಲ ಪಾಚಿ ಎಂದು ಸ್ಪಷ್ಟವಾಗಿ ಬರೆದ ಪ್ಯಾಕೆಟ್ ಸಿಕ್ಕರೆ ನನ್ನ ತಕರಾರಿಲ್ಲ.

ಹಾಗೆಂದು ಮನೆಯದೆಲ್ಲ ಒಳ್ಳೆಯದಲ್ಲ. ಉಪ್ಪು ಹಚ್ಚಿದ ಒಣ ಮೀನು, ಸಾರಿನಲ್ಲಿ ಉಳಿದ ಹೋಳು, ಈರುಳ್ಳಿ, ಬೆಳ್ಳುಳ್ಳಿ, ತೊಳೆಯದ ಮಾರುಕಟ್ಟೆಯ ಹಣ್ಣಿನ ಸಿಪ್ಪೆ, ಯಾವುದೂ ಬೇಡ. ಉಳಿದಿರುವ ಏಡಿಗೆ ಈಗ ಉಪ್ಪು ಸೋಕದ ಒಣ ಶೆಟ್ಲಿಯನ್ನು (ಸಿಗಡಿಯನ್ನು) ತಲೆ, ಸಿಪ್ಪೆ ಸಮೇತ ಕೊಡುತ್ತೇವೆ. ಜೊತೆಗೆ ಹಸಿ ತೆಂಗಿನಕಾಯಿಯ ಚೂರು, ಪಪ್ಪಾಯಿ, ಕ್ಯಾರೆಟ್, ಆಗೀಗ ಬೇಯಿಸಿದ ಮೊಟ್ಟೆ. ಹೊಸ ಪೊರೆ ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಅಲೆ ದಡಕ್ಕೆ ತಂದು ಹಾಕುವ ಕಪ್ಪೆ ಬೊಂಡಾಸದ (ಕಟಲ್ ಫಿಶ್) ಬಿಳಿ ಚಿಪ್ಪನ್ನು ಕುದಿಸಿ ಒಣಗಿಸಿಟ್ಟರೆ ಸಾಕು, ಅದು ಪುಕ್ಕಟೆಯಾಗಿ ಸಿಗುವ ಊರಿನಲ್ಲಿ ನಾವಿದ್ದೇವೆ. ಮೊಟ್ಟೆಯ ಸಿಪ್ಪೆಯ ಪುಡಿಯೂ ಆಗುತ್ತದೆ. ಏಡಿ ತಿನ್ನುವುದು ರಾತ್ರಿ, ಹಾಗಾಗಿ ಸಂಜೆ ಇಟ್ಟು ಬೆಳಿಗ್ಗೆ ಉಳಿದದ್ದನ್ನು ತೆಗೆದುಬಿಡಿ. ಕ್ಲೋರಿನ್ ಇಲ್ಲದ ಸಿಹಿನೀರು, ಉಪ್ಪುನೀರು ಎರಡೂ ತೊಟ್ಟಿಯಲ್ಲಿರಲಿ.

ಇನ್ನೊಂದು ಮಾತು. ಮರಳಿನೊಳಗೆ ಅಲುಗಾಡದೆ ಮಲಗಿದ ಏಡಿಯನ್ನು ಸತ್ತಿತೆಂದು ಎಸೆಯಬೇಡಿ, ಪೊರೆ ಕಳಚುವಾಗ ವಾರಗಟ್ಟಲೆ ಹಾಗೆಯೇ ಇರುತ್ತದೆ. ಕಳಚಿದ ಪೊರೆಯನ್ನೂ ತೆಗೆಯಬೇಡಿ, ಅದನ್ನೇ ತಿಂದು ಅದು ಚೇತರಿಸಿಕೊಳ್ಳುತ್ತದೆ.

ಅಂಗಡಿಯವರಿಗೆ ಎಲ್ಲವನ್ನೂ ಹೇಳಿ ಬಂದೆ. ಅದೇ ಗುಳಿಗೆ ಈಗಲೂ ಅಲ್ಲಿ ಮಾರಾಟಕ್ಕಿದೆ.