ಬಿಎಲ್‌ಡಿಸಿ ಫ್ಯಾನಿಗೆ ಇದು ಮೂರನೇ ಬೇಸಿಗೆ: ಯೂನಿಟ್ ಇಳಿಯಿತು, ಬೋರ್ಡ್ ಸುಟ್ಟಿತು

ಬಿಎಲ್‌ಡಿಸಿ ಎಂದರೆ ಬ್ರಷ್ ಇಲ್ಲದ ಡಿಸಿ ಮೋಟರಿನ, ಒಳಗೆ ಇಲೆಕ್ಟ್ರಾನಿಕ್ ಬೋರ್ಡ್ ಇರುವ, ರಿಮೋಟಿನಲ್ಲಿ ಓಡಿಸುವ ಫ್ಯಾನು. ರೆಕ್ಕೆಯ ಅಳತೆ, ಬಣ್ಣ, ಸ್ಟಾರು ಎಲ್ಲ ಡಬ್ಬದ ಮೇಲೆಯೇ ಇರುತ್ತದೆ. ನಾನು ಬರೆಯುವುದು ಡಬ್ಬದ ಮೇಲೆ ಇಲ್ಲದ ಸಂಗತಿ.

ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಎಂದು ಘಟ್ಟದ ಮೇಲಿನವರಿಗೆ ಮೊದಲೇ ಹೇಳಿಬಿಡುತ್ತೇನೆ. ಎರಡು ತಿಂಗಳಿಗೆ 500 ಯೂನಿಟ್‌ನೊಳಗೆ ಇದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ, ಮೊದಲಿನ ಯೂನಿಟ್‌ಗಳಿಗೆ ಅಗ್ಗ. ಅದನ್ನು ದಾಟಿತೋ, ಮೊದಲನೇ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ದೊಡ್ಡ ದರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಫ್ರಿಜ್ಜು, ಬಾವಿಯ ಪಂಪು, ಮಿಕ್ಸಿ, ಗ್ರೈಂಡರ್ ಎಲ್ಲ ಸೇರಿ ಮಾರ್ಚ್–ಏಪ್ರಿಲ್ ಬಿಲ್ಲು ಪ್ರತಿ ವರ್ಷ ಆ ಗೆರೆಯನ್ನು ಚೂರೇ ಚೂರು ದಾಟುತ್ತಿತ್ತು. ಹೊಟ್ಟೆ ಉರಿಯುತ್ತಿದ್ದದ್ದು ಆ ಚೂರಿಗೆ.

ಹಳೆಯ ಫ್ಯಾನು ಜೋರಾಗಿ ತಿರುಗುವಾಗ 75 ವ್ಯಾಟ್‌ನ ಆಸುಪಾಸು ಎಳೆಯುತ್ತದೆ. ಇದು 30ರ ಸುತ್ತ. ದಿನಕ್ಕೆ 12 ಗಂಟೆ ಓಡಿದರೆ ಒಂದು ಫ್ಯಾನಿನಿಂದ ಎರಡು ತಿಂಗಳಿಗೆ 32 ಯೂನಿಟ್ ಕಡಿಮೆ. ಚಾವಡಿಗೆ ಎರಡು, ಮಲಗುವ ಕೋಣೆಗೆ ಒಂದು ಹಾಕಿಸಿದೆವು. ನೂರು ಯೂನಿಟ್ ಹತ್ತಿರ ಇಳಿಯಿತು, ಗೆರೆಯಿಂದ ಈಚೆ ಉಳಿದೆವು. ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಯಲ್ಲಿ ಹಳೆಯದೇ ಇದೆ. ವರ್ಷಕ್ಕೆ ಹತ್ತು ದಿನ ತಿರುಗುವ ಫ್ಯಾನಿಗೆ ಮೂರು ಸಾವಿರ ಸುರಿಯುವುದು ಯಾಕೆ?

ಆದರೆ ನನಗೆ ಇದು ಹಿಡಿಸಿದ್ದು ಬಿಲ್ಲಿಗಲ್ಲ, ರಾತ್ರಿಗೆ. ಸ್ಪೀಡು ಒಂದರಲ್ಲಿ ಇಟ್ಟರೆ ತಿರುಗುತ್ತಿದೆಯೋ ಇಲ್ಲವೋ ಎಂದು ತಲೆಯೆತ್ತಿ ನೋಡಬೇಕು, ಅಷ್ಟು ಸದ್ದಿಲ್ಲ. ಮಲಗುವಾಗ ಮೂರು, ಕಣ್ಣು ಎಳೆಯುವಾಗ ಎರಡು, ಬೆಳಗಿನ ಜಾವ ಚಳಿ ಅನಿಸಿದರೆ ಹಾಸಿಗೆಯಿಂದಲೇ ಒಂದು. ಮೊದಲು ಇದಕ್ಕೆ ಎದ್ದು ಹೋಗುವವರು ಯಾರು ಎಂದು ನಾನೂ ನಮ್ಮವರೂ ನಿದ್ದೆಯ ನಾಟಕ ಆಡುತ್ತಿದ್ದೆವು. ಮಳೆಗಾಲದಲ್ಲಿ ಮರದ ಗೆಲ್ಲು ಲೈನಿಗೆ ಬಿದ್ದು ಕರೆಂಟು ಹೋದರೆ ಇನ್ವರ್ಟರಿನಲ್ಲಿ ಬೆಳಗಿನವರೆಗೂ ಓಡುತ್ತದೆ. ಹಳೆಯ ಫ್ಯಾನು ಇನ್ವರ್ಟರಿನಲ್ಲಿ ಗುಂಯ್ ಅನ್ನುತ್ತಿತ್ತು, ಅದೂ ಇಲ್ಲ.

ರಿಮೋಟ್ ಮಾತ್ರ ಮನೆಯೊಳಗೆ ಜಗಳ ತಂದಿತು. ಚಾವಡಿಯ ಎರಡೂ ಫ್ಯಾನು ಒಂದೇ ಕಂಪನಿಯವು. ಒತ್ತಿದರೆ ಎರಡೂ ಒಟ್ಟಿಗೆ ಓಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದು ಬದಿಯಲ್ಲಿ ಶಾಲು ಹೊದ್ದ ಅತ್ತೆ, ಇನ್ನೊಂದು ಬದಿಯಲ್ಲಿ ಶಾಲೆಯಿಂದ ಬೆವರಿ ಬಂದ ಮಗ. ಅತ್ತೆ ರಿಮೋಟ್ ಮುಟ್ಟುವವರಲ್ಲ. "ನಿಮ್ಮ ಈ ಡಬ್ಬಿ ಹುಡುಕುವುದರೊಳಗೆ ಜೀವ ಹೋಗ್ತದೆ ಮಾರಾಯ್ತಿ" ಎಂದು ತಮ್ಮ ಬದಿಯದನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತಾರೆ. ಆಮೇಲೆ ನಾವು ರಿಮೋಟ್ ಎಷ್ಟು ಒತ್ತಿದರೂ ಅದು ಏಳುವುದಿಲ್ಲ. ಒಂದು ಸಲ ಮಗ ಸೆಲ್ಲು ಹೋಯಿತೆಂದು ಹೊಸ ಸೆಲ್ಲು ತಂದದ್ದೂ ಆಯಿತು.

ಇಲ್ಲಿಯವರೆಗೆ ಐದಕ್ಕೆ ಐದು ಕೊಡುತ್ತಿದ್ದೆ.

ಕಳೆದ ತುಲಾ ತಿಂಗಳಲ್ಲಿ (ಅಕ್ಟೋಬರ್–ನವೆಂಬರ್), ಇಲ್ಲಿ ಸಂಜೆಯಾದರೆ ಗುಡುಗು ಮಿಂಚು ಎಂದು ನಿಮಗೆ ಗೊತ್ತಲ್ಲ, ಹತ್ತಿರದಲ್ಲೇ ಸಿಡಿಲು ಬಡಿಯಿತು. ಮಲಗುವ ಕೋಣೆಯದ್ದೂ ಮಗನ ಬದಿಯದ್ದೂ ನಿಂತವು. ಅತ್ತೆಯ ಬದಿಯದು ಮಾತ್ರ ಬದುಕಿತು, ಮೋಡ ಕಂಡ ಕೂಡಲೇ ಸ್ವಿಚ್ಚು ಆರಿಸಿದ್ದರು. (ಸ್ವಿಚ್ಚು ಆರಿಸಿದರೆ ತಪ್ಪಿಯೇ ತಪ್ಪುತ್ತದೆ ಅಂತಲ್ಲ. ಅದು ಫೇಸನ್ನು ಮಾತ್ರ ಕಡಿಯುವುದು, ನ್ಯೂಟ್ರಲ್ ಹಾಗೇ ಇರುತ್ತದೆ.)

ಹಳೆಯ ಫ್ಯಾನು ನಿಂತರೆ ಹೆಚ್ಚಾಗಿ ಕಂಡೆನ್ಸರ್. ಪೇಟೆಯಿಂದ ತಂದು ನಮ್ಮವರೇ ಹಾಕುತ್ತಿದ್ದರು. ಕಾಯಿಲು ಸುಟ್ಟರೆ ವೈಂಡಿಂಗಿನವರು ಇದ್ದಾರೆ. ಇದನ್ನು ಅವರ ಅಂಗಡಿಗೆ ಒಯ್ದರೆ ಮುಚ್ಚಳ ತೆಗೆದು ನೋಡಿ, "ಕಾಯಿಲಿಗೆ ಏನೂ ಆಗಲಿಲ್ಲ ಅಕ್ಕ, ಬೋರ್ಡ್ ಹೋಗಿದೆ. ಇದು ನಮ್ಮಿಂದ ಆಗುವುದಲ್ಲ" ಎಂದು ವಾಪಸು ಕೊಟ್ಟರು. ಕಂಪನಿಗೆ ಫೋನು ಮಾಡಿದರೆ ಸಿಡಿಲಿನದಕ್ಕೆ ವಾರಂಟಿ ಇಲ್ಲ, ಬೋರ್ಡ್, ಮನೆಗೆ ಬರುವ ಚಾರ್ಜು ಎಲ್ಲ ಸೇರಿ ಒಂದಕ್ಕೆ ಸಾವಿರದ ಮೇಲೆ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೆ ಒಂದು ಫ್ಯಾನು ವರ್ಷಕ್ಕೆ ಉಳಿಸುವುದೇ ಸಾವಿರದ ಮುನ್ನೂರು, ನಾನೂರು. ಸರಿ, ಒಂದು ವರ್ಷದ ಉಳಿತಾಯ ಒಂದು ಸಂಜೆಗೆ ಹೋಯಿತು. ಬೋರ್ಡ್ ಹಾಕಲು ಕಂಪನಿಯ ಹುಡುಗ ಬಂದದ್ದು ಮೂರು ವಾರ ಕಳೆದು. ಅಷ್ಟು ದಿನ ಅಟ್ಟದಿಂದ ಇಳಿಸಿದ ಹಳೆಯ ಫ್ಯಾನು ಗುಂಯ್ ಅನ್ನುತ್ತಾ ಗಾಳಿ ಕೊಟ್ಟಿತು.

ಈಗ ಮೀಟರ್ ಹತ್ತಿರ ಸರ್ಜ್, ಅಂದರೆ ಸಿಡಿಲು ಬಡಿದಾಗ ಲೈನಿನಲ್ಲಿ ಒಮ್ಮೆಲೇ ನುಗ್ಗುವ ವೋಲ್ಟೇಜ್, ತಡೆಯುವ ಎಸ್‌ಪಿಡಿ ಹಾಕಿಸಿದ್ದೇವೆ. ಅರ್ತಿಂಗ್ ಸರಿ ಇಲ್ಲದಿದ್ದರೆ ಅದು ದಂಡ ಎಂದು ಇಲೆಕ್ಟ್ರಿಷಿಯನ್ ಹೇಳಿದ್ದರಿಂದ ಅದನ್ನೂ ಹೊಸತು ಮಾಡಿಸಿದೆವು. ಕೊಳ್ಳುವವರು ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಗೋಡೆಯ ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರ ಕನೆಕ್ಷನ್ ಕೊಡಿಸಿ, ಅದರ ಮೂಲಕ ಈ ಫ್ಯಾನು ಓಡಿಸಬಾರದು.

ನಾನು ಕೊಡುವುದು ಮೂರೂವರೆ ಸ್ಟಾರ್. ಬದಿಯಡ್ಕ, ಮುಳ್ಳೇರಿಯ, ಕುಂಬಳೆ ಕಡೆ ಇದರ ಬೋರ್ಡ್ ರಿಪೇರಿ ಮಾಡುವವರು ಗೊತ್ತಿದ್ದರೆ ತಿಳಿಸಿ, ಸುಟ್ಟ ಎರಡೂ ಬೋರ್ಡ್ ತೆಗೆದಿಟ್ಟಿದ್ದೇನೆ.